ಪೂಲ್ ಆಟದಲ್ಲಿ ಹೊಡೆತದ ಸ್ಥಿರತೆ

ಪೂಲ್ ಆಟದಲ್ಲಿ ಹೊಡೆತದ ಸ್ಥಿರತೆ ಎಂದರೆ ಆಟಗಾರನು ಕ್ಯೂ ಕೋಲನ್ನು ಪ್ರತಿ ಸಲವೂ ಉದ್ದೇಶಿಸಿದ ರೇಖೆಯಲ್ಲಿ, ಉದ್ದೇಶಿಸಿದ ವೇಗದಲ್ಲಿ ಚಲಾಯಿಸಿ, ಬಿಳಿ ಚೆಂಡಿನ ಮೇಲೆ ಉದ್ದೇಶಿಸಿದ ಬಿಂದುವಿಗೇ ತಾಗಿಸುವ ಸಾಮರ್ಥ್ಯ. ಬಿಲಿಯರ್ಡ್ಸ್, ಸ್ನೂಕರ್ ಮತ್ತು ಪೂಲ್ ಈ ಮೂರೂ ಕ್ಯೂ ಕ್ರೀಡೆಗಳಿಗೆ ಇದು ಸಮಾನವಾದ ಅಡಿಪಾಯ. ಗುರಿ ಹಿಡಿಯುವುದು, ಚೆಂಡಿಗೆ ತಿರುಗುವಿಕೆ ಕೊಡುವುದು, ಮುಂದಿನ ಹೊಡೆತಕ್ಕೆ ಬಿಳಿ ಚೆಂಡನ್ನು ಅನುಕೂಲದ ಸ್ಥಳದಲ್ಲಿ ನಿಲ್ಲಿಸುವುದು ಮುಂತಾದ ಎಲ್ಲ ಕೌಶಲಗಳೂ ಇದನ್ನು ಅವಲಂಬಿಸಿವೆ. ಹೊಡೆತ ಸ್ಥಿರವಾಗಿಲ್ಲದಿದ್ದರೆ ಚೆಂಡು ಪಾಕೆಟ್‌ಗೆ ಬೀಳದಿದ್ದಾಗ ತಪ್ಪಿದ್ದು ಗುರಿಯೋ ಕೈಯೋ ಎಂಬುದು ಆಟಗಾರನಿಗೆ ತಿಳಿಯುವುದಿಲ್ಲ. ಆದ್ದರಿಂದ ತರಬೇತಿಯಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಲಾಗುತ್ತದೆ.

## ಸಲಕರಣೆಗಳು ಮತ್ತು ಅಳತೆಗಳು

ಒಂಬತ್ತು ಅಡಿಯ ಪೂಲ್ ಮೇಜಿನ ಆಟದ ಅಂಗಳವು 100 ಅಂಗುಲ ಉದ್ದ, 50 ಅಂಗುಲ ಅಗಲ (254 × 127 ಸೆಂ.ಮೀ.) ಇರುತ್ತದೆ. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ., ತೂಕ ಸುಮಾರು 156ರಿಂದ 170 ಗ್ರಾಂ. ಸ್ನೂಕರ್ ಚೆಂಡು ಇದಕ್ಕಿಂತ ಚಿಕ್ಕದು. ಅದರ ವ್ಯಾಸ 52.5 ಮಿ.ಮೀ. ಸಾಮಾನ್ಯವಾಗಿ ಬಳಕೆಯಲ್ಲಿರುವ ಪೂಲ್ ಕ್ಯೂ ಸುಮಾರು 147 ಸೆಂ.ಮೀ. ಉದ್ದವಿದ್ದು, ಅದರ ತುದಿಗೆ 12ರಿಂದ 13 ಮಿ.ಮೀ. ಅಗಲದ ಚರ್ಮದ ಟಿಪ್ ಅಂಟಿಸಿರುತ್ತಾರೆ. ಸ್ನೂಕರ್ ಕ್ಯೂವಿನ ಟಿಪ್ ಸುಮಾರು 9ರಿಂದ 10 ಮಿ.ಮೀ. ಇರುತ್ತದೆ. ಟಿಪ್ ಚೆಂಡಿನ ಮೇಲಿಂದ ಜಾರದಂತೆ ಅದಕ್ಕೆ ಚಾಕ್ ಹಚ್ಚಲಾಗುತ್ತದೆ.

ಪ್ರತಿ ಸಲ ಬೇರೆ ಬೇರೆ ಕ್ಯೂ ಹಿಡಿದು ಆಡುವವರಿಗೆ ಸ್ಥಿರತೆ ನಿಧಾನವಾಗಿ ಬರುತ್ತದೆ. ತೂಕ, ದಪ್ಪ ಮತ್ತು ಟಿಪ್‌ನ ಗಡಸುತನ ಬದಲಾದಂತೆ ಒಂದೇ ಹೊಡೆತಕ್ಕೆ ಚೆಂಡು ಬೇರೆ ಬೇರೆ ರೀತಿಯಲ್ಲಿ ವರ್ತಿಸುತ್ತದೆ. ಕ್ಲಬ್ಬಿನ ಕ್ಯೂಗಳನ್ನೇ ಬಳಸುವವರು ನೇರವಾದ, ಟಿಪ್ ಸವೆಯದ ಒಂದು ಕ್ಯೂವನ್ನು ಗುರುತಿಟ್ಟುಕೊಂಡು ಅದನ್ನೇ ಬಳಸುವುದು ರೂಢಿ. ಕ್ಯೂವನ್ನು ಮೇಜಿನ ಮೇಲೆ ಉರುಳಿಸಿ ನೋಡಿದರೆ ಅದರ ಸೊಟ್ಟ ತಿಳಿಯುತ್ತದೆ.

## ಸಣ್ಣ ತಪ್ಪಿನ ದೊಡ್ಡ ಪರಿಣಾಮ

ಹೊಡೆತದಲ್ಲಿ ಎಷ್ಟು ನಿಖರತೆ ಬೇಕೆಂಬುದನ್ನು ಸರಳ ರೇಖಾಗಣಿತದಿಂದ ತಿಳಿಯಬಹುದು. ಬಿಳಿ ಚೆಂಡು, ಗುರಿ ಚೆಂಡು ಮತ್ತು ಪಾಕೆಟ್ ಒಂದೇ ನೇರದಲ್ಲಿವೆ ಎಂದು ಭಾವಿಸೋಣ. ಎರಡು ಚೆಂಡುಗಳ ಕೇಂದ್ರಗಳ ನಡುವೆ 1 ಮೀಟರ್ ಅಂತರವಿದೆ; ಗುರಿ ಚೆಂಡಿನಿಂದ ಪಾಕೆಟ್‌ಗೂ 1 ಮೀಟರ್ ಇದೆ. ಬಿಳಿ ಚೆಂಡು ಉದ್ದೇಶಿತ ರೇಖೆಯಿಂದ ಕೇವಲ 1 ಡಿಗ್ರಿ ಸರಿದು ಹೊರಟರೆ, ಗುರಿ ಚೆಂಡಿನ ಬಳಿ ಆ ತಪ್ಪು ಸುಮಾರು 17 ಮಿ.ಮೀ. ಆಗುತ್ತದೆ. ಚೆಂಡುಗಳು ಗುಂಡಗಿರುವುದರಿಂದ ತಾಗುವ ಬಿಂದು ಬದಿಗೆ ಸರಿಯುತ್ತದೆ ಮತ್ತು ಗುರಿ ಚೆಂಡು ತನ್ನ ಹಾದಿಯಿಂದ ಸುಮಾರು 17 ಡಿಗ್ರಿ ಓರೆಯಾಗಿ ಹೋಗುತ್ತದೆ. ಪಾಕೆಟ್ ತಲುಪುವ ಹೊತ್ತಿಗೆ ಅದು ಸುಮಾರು 30 ಸೆಂ.ಮೀ. ಬದಿಯಲ್ಲಿರುತ್ತದೆ.

ಮೂಲೆಯ ಪಾಕೆಟ್‌ನ ಬಾಯಿ ಸುಮಾರು 115 ಮಿ.ಮೀ. ಅಗಲವಿರುತ್ತದೆ. ಚೆಂಡು ಕುಶನ್ನಿಗೆ ತಾಗದೆ ಒಳಹೋಗಬೇಕಾದರೆ ಅದರ ಕೇಂದ್ರವು ಎಡಕ್ಕೆ ಅಥವಾ ಬಲಕ್ಕೆ ಸುಮಾರು 29 ಮಿ.ಮೀ.ಗಿಂತ ಹೆಚ್ಚು ಸರಿಯುವಂತಿಲ್ಲ. ಇದನ್ನು ಹಿಂದಕ್ಕೆ ಲೆಕ್ಕಹಾಕಿದರೆ, ಬಿಳಿ ಚೆಂಡಿನ ದಿಕ್ಕಿನಲ್ಲಿ ಸಹಿಸಬಹುದಾದ ತಪ್ಪು ಸುಮಾರು 0.1 ಡಿಗ್ರಿ ಮಾತ್ರ. ಕ್ಯೂ ಹಿಡಿದ ಕೈಗೂ ಮುಂದಿನ ಆಸರೆಯ ಕೈಗೂ 1 ಮೀಟರ್ ಅಂತರವಿದ್ದರೆ, ಹಿಂದಿನ ಕೈ ಬದಿಗೆ 2 ಮಿ.ಮೀ.ಗಿಂತ ಕಡಿಮೆ ಸರಿದರೂ ಕ್ಯೂ ಅಷ್ಟು ಓರೆಯಾಗುತ್ತದೆ. ತಿರುಗುವಿಕೆ ಮತ್ತು ಘರ್ಷಣೆಗಳನ್ನು ಬದಿಗಿಟ್ಟು ಮಾಡಿದ ಈ ಲೆಕ್ಕ ಸ್ಥೂಲವಾದುದು. ಆದರೂ ಮಣಿಕಟ್ಟಿನ ಒಂದು ಸಣ್ಣ ತಿರುವು ಅಥವಾ ಹೊಡೆಯುವ ಕ್ಷಣದಲ್ಲಿ ತಲೆ ಎತ್ತುವ ಅಭ್ಯಾಸ ಆಟವನ್ನು ಏಕೆ ಕೆಡಿಸುತ್ತದೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಇಷ್ಟು ಸಣ್ಣ ತಪ್ಪನ್ನು ಹೊಡೆಯುವಾಗಲೇ ಕಣ್ಣಿನಿಂದ ಗುರುತಿಸಿ ತಿದ್ದಲು ಸಾಧ್ಯವಿಲ್ಲ. ಹಾಗಾಗಿ ತರಬೇತಿಯ ತತ್ತ್ವ ಸರಳವಾಗಿದೆ: ಹೊಡೆತದಲ್ಲಿ ಚಲಿಸುವ ಅಂಗಗಳ ಸಂಖ್ಯೆ ಕಡಿಮೆಯಾದಷ್ಟೂ ತಪ್ಪುವ ಅವಕಾಶಗಳು ಕಡಿಮೆಯಾಗುತ್ತವೆ.

## ಹೊಡೆತದ ಭೌತವಿಜ್ಞಾನ

ಬಿಲಿಯರ್ಡ್ಸ್ ಚೆಂಡುಗಳ ಚಲನೆಯನ್ನು ಗಣಿತದ ಚೌಕಟ್ಟಿನಲ್ಲಿ ವಿವರಿಸಿದವರಲ್ಲಿ ಫ್ರಾನ್ಸಿನ ವಿಜ್ಞಾನಿ ಗಾಸ್ಪಾರ್ ಗುಸ್ತಾವ್ ಕೊರಿಯೊಲಿಸ್ ಪ್ರಮುಖರು. ಈ ವಿಷಯದ ಮೇಲೆ ಅವರು ಬರೆದ ಗ್ರಂಥ 1835ರಲ್ಲಿ ಪ್ರಕಟವಾಯಿತು. ಭೂಮಿಯ ತಿರುಗುವಿಕೆಗೆ ಸಂಬಂಧಿಸಿದ ಕೊರಿಯೊಲಿಸ್ ಪರಿಣಾಮಕ್ಕೆ ಹೆಸರು ಬಂದಿರುವುದೂ ಇವರಿಂದಲೇ.

ಕ್ಯೂವಿನ ಟಿಪ್ ಚೆಂಡಿನೊಂದಿಗೆ ಸಂಪರ್ಕದಲ್ಲಿರುವುದು ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಮಾತ್ರ. ಆ ಅವಧಿಯಲ್ಲಿ ಟಿಪ್ ತಾಗಿದ ಬಿಂದು, ಕ್ಯೂವಿನ ದಿಕ್ಕು ಮತ್ತು ವೇಗ ಇವು ಚೆಂಡಿನ ಮುಂದಿನ ಚಲನೆಯನ್ನು ನಿರ್ಧರಿಸುತ್ತವೆ.

* ಮಧ್ಯಬಿಂದು: ಕ್ಯೂವನ್ನು ಮಟ್ಟಸವಾಗಿ ಹಿಡಿದು ಚೆಂಡಿನ ನಡುಮಧ್ಯಕ್ಕೆ ಹೊಡೆದರೆ ಅದು ಮೊದಲು ತಿರುಗದೆ ಜಾರುತ್ತದೆ. ನಂತರ ಬಟ್ಟೆಯ ಘರ್ಷಣೆಯಿಂದ ಉರುಳತೊಡಗುತ್ತದೆ.
* ಮೇಲ್ಭಾಗ: ಮೇಜಿನ ಮೇಲ್ಮೈಯಿಂದ ವ್ಯಾಸದ ಹತ್ತರಲ್ಲಿ ಏಳು ಭಾಗದ ಎತ್ತರದಲ್ಲಿ, ಪೂಲ್ ಚೆಂಡಿನಲ್ಲಾದರೆ ಸುಮಾರು 40 ಮಿ.ಮೀ. ಎತ್ತರದಲ್ಲಿ ಹೊಡೆದಾಗ ಚೆಂಡು ಆರಂಭದಿಂದಲೇ ಸಹಜವಾಗಿ ಉರುಳುತ್ತದೆ.
* ಕೆಳಭಾಗ: ಮಧ್ಯಕ್ಕಿಂತ ಕೆಳಗೆ ಹೊಡೆದಾಗ ಚೆಂಡು ಹಿಮ್ಮುಖವಾಗಿ ತಿರುಗುತ್ತ ಮುಂದೆ ಸಾಗುತ್ತದೆ. ಗುರಿ ಚೆಂಡಿಗೆ ನೇರವಾಗಿ ತಾಗಿದ ಮೇಲೆ ಆ ತಿರುಗುವಿಕೆ ಉಳಿದಿದ್ದರೆ ಅದು ಹಿಂದಕ್ಕೆ ಬರುತ್ತದೆ.
* ಬದಿ: ಎಡಕ್ಕೆ ಅಥವಾ ಬಲಕ್ಕೆ ಹೊಡೆದಾಗ ಚೆಂಡು ಬುಗುರಿಯಂತೆ ತಿರುಗುತ್ತದೆ. ಜತೆಗೆ ಹೊಡೆದ ಬದಿಯ ವಿರುದ್ಧ ದಿಕ್ಕಿಗೆ ಸ್ವಲ್ಪ ಸರಿದು ಹೊರಡುತ್ತದೆ.

ಕೇಂದ್ರದಿಂದ ತ್ರಿಜ್ಯದ ಸುಮಾರು ಅರ್ಧದಷ್ಟು, ಅಂದರೆ 14 ಮಿ.ಮೀ.ಗಿಂತ ಆಚೆ ಹೊಡೆದರೆ ಚಾಕ್ ಹಚ್ಚಿದ ಟಿಪ್ ಕೂಡ ಜಾರುತ್ತದೆ. ಇದನ್ನು ಮಿಸ್‌ಕ್ಯೂ ಎನ್ನುತ್ತಾರೆ.

ಹೊಡೆತದ ನಂತರ ಕ್ಯೂ ಮುಂದೆ ಸಾಗುವುದಕ್ಕೆ ಫಾಲೋ ಥ್ರೂ ಎಂಬ ಹೆಸರಿದೆ. ಅಷ್ಟರಲ್ಲಿ ಚೆಂಡು ಟಿಪ್ ಬಿಟ್ಟು ಹೋಗಿರುವುದರಿಂದ ಈ ಮುಂದುವರಿಕೆ ಚೆಂಡಿನ ಮೇಲೆ ನೇರ ಪ್ರಭಾವ ಬೀರದು. ಆದರೆ ಕ್ಯೂ ನೇರವಾಗಿ ಹಾಗೂ ಸರಾಗವಾಗಿ ಮುಂದೆ ಹೋಗಿ ನಿಂತಿದ್ದರೆ, ತಾಗಿದ ಕ್ಷಣದಲ್ಲಿಯೂ ಅದು ಹಾಗೆಯೇ ಇತ್ತು ಎಂಬುದಕ್ಕೆ ಅದು ಸಾಕ್ಷಿಯಾಗುತ್ತದೆ. ಕೈಯನ್ನು ಅರ್ಧದಲ್ಲಿ ತಡೆಯುವ ಅಭ್ಯಾಸ ಇರುವವರಲ್ಲಿ ಆ ತಡೆ ಚೆಂಡು ತಾಗುವ ಮೊದಲೇ ಆರಂಭವಾಗಿರುವ ಸಾಧ್ಯತೆ ಹೆಚ್ಚು.

## ದೇಹದ ನಿಲುವು

ಇಲ್ಲಿನ ವಿವರಣೆ ಬಲಗೈ ಆಟಗಾರರಿಗೆ ಅನ್ವಯಿಸುತ್ತದೆ. ಎಡಗೈಯವರು ಎಡ ಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು.

### ಕಾಲುಗಳು

ಗುರಿಯ ರೇಖೆಯನ್ನು ನಿಂತುಕೊಂಡೇ ನಿರ್ಧರಿಸಿ, ಬಲಪಾದವನ್ನು ಆ ರೇಖೆಯ ಮೇಲೆ ಅಥವಾ ಅದರ ಪಕ್ಕದಲ್ಲಿ ಇಡಲಾಗುತ್ತದೆ. ಎಡಪಾದ ಸ್ವಲ್ಪ ಮುಂದೆ, ಎಡಬದಿಗೆ ಇರುತ್ತದೆ. ಪಾದಗಳ ನಡುವೆ ಭುಜಗಳ ಅಗಲದಷ್ಟು ಅಂತರವಿದ್ದರೆ ದೇಹ ತೂಗಾಡುವುದಿಲ್ಲ. ಯಾರಾದರೂ ಭುಜವನ್ನು ಮೆಲ್ಲಗೆ ತಳ್ಳಿದರೂ ಸಮತೋಲ ತಪ್ಪದಿರುವುದು ಒಳ್ಳೆಯ ನಿಲುವಿನ ಲಕ್ಷಣ.

### ಬ್ರಿಜ್

ಮೇಜಿನ ಮೇಲೆ ಊರಿದ ಎಡಗೈಯಿಂದ ಕ್ಯೂವಿಗೆ ಕೊಡುವ ಆಸರೆಯೇ ಬ್ರಿಜ್. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ತೋಡಿನಲ್ಲಿ ಕ್ಯೂ ಜಾರುವುದು ತೆರೆದ ಬ್ರಿಜ್. ತೋರುಬೆರಳನ್ನು ಕ್ಯೂವಿನ ಸುತ್ತ ಉಂಗುರದಂತೆ ಬಳಸುವುದು ಮುಚ್ಚಿದ ಬ್ರಿಜ್. ಸಾಮಾನ್ಯ ಹೊಡೆತಗಳಲ್ಲಿ ಬ್ರಿಜ್‌ನಿಂದ ಬಿಳಿ ಚೆಂಡಿಗೆ 20ರಿಂದ 25 ಸೆಂ.ಮೀ. ಅಂತರವಿರುತ್ತದೆ. ಅಂತರ ಹೆಚ್ಚಾದಂತೆ ಟಿಪ್ ತಾಗುವ ಬಿಂದುವಿನಲ್ಲಿ ತಪ್ಪೂ ಹೆಚ್ಚುತ್ತದೆ. ಹೊಡೆತ ಮುಗಿಯುವವರೆಗೆ ಈ ಕೈ ಕದಲಬಾರದು.

### ಹಿಡಿತ ಮತ್ತು ಮೊಣಕೈ

ಬಲಗೈ ಹಿಡಿತ ಸಡಿಲವಾಗಿರಬೇಕು. ಬೆರಳುಗಳು ಕ್ಯೂವಿಗೆ ತೊಟ್ಟಿಲಿನಂತೆ ಆಸರೆ ಕೊಟ್ಟರೆ ಸಾಕು. ಹೊಡೆಯುವ ಕ್ಷಣದಲ್ಲಿ ಮುಷ್ಟಿ ಬಿಗಿದರೆ ಕ್ಯೂವಿನ ಹಿಂಭಾಗ ಬದಿಗೆ ಎಳೆಯಲ್ಪಡುತ್ತದೆ. ಟಿಪ್ ಬಿಳಿ ಚೆಂಡಿನ ಸಮೀಪದಲ್ಲಿದ್ದಾಗ ಮುಂದೋಳು ಮೊಣಕೈಯಿಂದ ನೆಲದ ಕಡೆಗೆ ನೇರವಾಗಿ ಇಳಿದಿರಬೇಕು. ಮೇಲ್ದೋಳು ಅಲುಗಾಡದೆ ಮುಂದೋಳು ಮಾತ್ರ ಗಡಿಯಾರದ ಲೋಲಕದಂತೆ ತೂಗಿದರೆ, ಲೋಲಕದ ಅತಿ ಕೆಳಗಿನ ಬಿಂದುವಿನಲ್ಲಿ ಕ್ಯೂ ಬಹುಮಟ್ಟಿಗೆ ಮಟ್ಟಸವಾಗಿ ಚಲಿಸುತ್ತದೆ. ಚೆಂಡಿಗೆ ತಾಗುವುದೂ ಆಗಲೇ.

### ತಲೆ ಮತ್ತು ಕಣ್ಣು

ಪ್ರತಿ ಹೊಡೆತದಲ್ಲೂ ತಲೆ ಕ್ಯೂವಿನ ಮೇಲೆ ಒಂದೇ ಸ್ಥಾನದಲ್ಲಿರಬೇಕು. ಕೆಲವರಿಗೆ ಗದ್ದದ ನಡುವಿನಡಿ, ಇನ್ನು ಕೆಲವರಿಗೆ ಒಂದು ಕಣ್ಣಿನಡಿ ಕ್ಯೂ ಇದ್ದಾಗ ರೇಖೆ ನೇರವಾಗಿ ಕಾಣುತ್ತದೆ. ಇದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದರಿಂದ ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕು. ಹೊಡೆಯುವ ಮೊದಲು ನೋಟ ಒಂದೆಡೆ ನಿಲ್ಲುವುದೂ ಮುಖ್ಯ. ವಿಲಿಯಮ್ಸ್, ಸಿಂಗರ್ ಮತ್ತು ಫ್ರೆಲಿಕ್ ಎಂಬ ಸಂಶೋಧಕರು ಬಿಲಿಯರ್ಡ್ಸ್ ಆಟಗಾರರ ಕಣ್ಣಿನ ಚಲನೆಯ ಬಗ್ಗೆ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಡೆತಕ್ಕೆ ಮುನ್ನ ನಿಪುಣರ ಕೊನೆಯ ನೋಟ ಕಡಿಮೆ ಅನುಭವಿಗಳ ನೋಟಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಕಂಡುಬಂದಿತು.

## ಹೊಡೆತದ ಹಂತಗಳು

1. ನಿಂತುಕೊಂಡು ನೋಡುವುದು: ಯಾವ ಪಾಕೆಟ್, ಯಾವ ವೇಗ, ಬಿಳಿ ಚೆಂಡು ಎಲ್ಲಿ ನಿಲ್ಲಬೇಕು ಎಂಬುದನ್ನು ಬಾಗುವ ಮೊದಲೇ ನಿರ್ಧರಿಸುವುದು.
2. ರೇಖೆಯ ಮೇಲೆ ಬಾಗುವುದು: ಕ್ಯೂ ಗುರಿಯ ರೇಖೆಯಲ್ಲಿರುವಂತೆ ನೇರವಾಗಿ ಕೆಳಗಿಳಿಯುವುದು. ಬಾಗಿದ ಮೇಲೆ ರೇಖೆ ತಪ್ಪಿದೆ ಎನಿಸಿದರೆ ಕೈಯಿಂದ ಸರಿಪಡಿಸದೆ ಎದ್ದು ಮತ್ತೆ ಮೊದಲಿನಿಂದ ನಿಲ್ಲುವುದು.
3. ತೂಗುವುದು: ಎರಡು ಮೂರು ಸಲ ಕ್ಯೂವನ್ನು ಹಿಂದೆ ಮುಂದೆ ಆಡಿಸಿ ದಿಕ್ಕು ಮತ್ತು ವೇಗವನ್ನು ಪರೀಕ್ಷಿಸುವುದು. ಇದರ ಸಂಖ್ಯೆ ಪ್ರತಿ ಸಲವೂ ಒಂದೇ ಆಗಿರುವುದು ಒಳ್ಳೆಯದು.
4. ನಿಲ್ಲಿಸುವುದು: ಟಿಪ್ ಬಿಳಿ ಚೆಂಡಿನ ಸಮೀಪದಲ್ಲಿ ಕ್ಷಣಕಾಲ ನಿಂತು, ತಾಗಬೇಕಾದ ಬಿಂದುವನ್ನು ಖಚಿತಪಡಿಸಿಕೊಳ್ಳುವುದು.
5. ಹಿಂದೆಳೆಯುವುದು: ಕ್ಯೂವನ್ನು ನಿಧಾನವಾಗಿ, ನೇರವಾಗಿ ಹಿಂದಕ್ಕೆ ಒಯ್ಯುವುದು. ಮೆದು ಹೊಡೆತಕ್ಕೆ ಕಡಿಮೆ, ಜೋರು ಹೊಡೆತಕ್ಕೆ ಹೆಚ್ಚು ದೂರ.
6. ಹೊಡೆದು ಉಳಿಯುವುದು: ವೇಗವನ್ನು ಕ್ರಮೇಣ ಹೆಚ್ಚಿಸುತ್ತ ಚೆಂಡಿನ ಮೂಲಕ ಸಾಗಿ, ಗುರಿ ಚೆಂಡು ಪಾಕೆಟ್ ತಲುಪುವವರೆಗೆ ತಲೆ ಎತ್ತದೆ ಬಾಗಿದಂತೆಯೇ ಇರುವುದು.

## ಸ್ಥಿರತೆಯನ್ನು ಅಳೆಯುವ ಪರೀಕ್ಷೆಗಳು

ಉದ್ದ ರೇಖೆಯ ಪರೀಕ್ಷೆ: ಬಿಳಿ ಚೆಂಡನ್ನು ಮೇಜಿನ ನಡುರೇಖೆಯ ಮೇಲಿಟ್ಟು, ಎದುರಿನ ಕುಶನ್ನಿಗೆ ನೇರವಾಗಿ ಹೊಡೆದು, ಮರಳಿ ಕ್ಯೂವಿನ ಟಿಪ್‌ಗೇ ಬಂದು ತಾಗುವಂತೆ ಮಾಡುವುದು. ಹೋಗುವಾಗಲೇ ಚೆಂಡು ನಡುರೇಖೆ ಬಿಟ್ಟಿದ್ದರೆ ಕ್ಯೂವಿನ ದಿಕ್ಕು ಓರೆಯಾಗಿತ್ತು ಎಂದರ್ಥ. ನೇರವಾಗಿ ಹೋಗಿ ಮರಳುವಾಗ ಮಾತ್ರ ಬಲಕ್ಕೆ ತಿರುಗಿದರೆ ಟಿಪ್ ಮಧ್ಯಬಿಂದುವಿನ ಬಲಕ್ಕೆ ತಾಗಿದೆ. ಎಡಕ್ಕೆ ತಿರುಗಿದರೆ ಎಡಕ್ಕೆ ತಾಗಿದೆ.

ನಿಲ್ಲಿಸುವ ಹೊಡೆತ: ನೇರ ಹೊಡೆತದಲ್ಲಿ ಬಿಳಿ ಚೆಂಡು ಜಾರುತ್ತ, ತಿರುಗದೆ ಗುರಿ ಚೆಂಡಿಗೆ ತಾಗಿದರೆ ತನ್ನ ಚಲನೆಯನ್ನೆಲ್ಲ ಅದಕ್ಕೆ ಕೊಟ್ಟು ಅಲ್ಲಿಯೇ ನಿಲ್ಲುತ್ತದೆ. ದೂರ ಹೆಚ್ಚಿದಾಗ ಘರ್ಷಣೆಯಿಂದ ಚೆಂಡು ಉರುಳತೊಡಗುವುದರಿಂದ ಸ್ವಲ್ಪ ಕೆಳಗೆ ಹೊಡೆಯಬೇಕಾಗುತ್ತದೆ. ನಿಂತ ಚೆಂಡು ಬುಗುರಿಯಂತೆ ಸುತ್ತುತ್ತಿದ್ದರೆ ಟಿಪ್ ಬದಿಗೆ ತಾಗಿದೆ ಎಂದು ತಿಳಿಯಬಹುದು.

ಪಟ್ಟೆ ಚೆಂಡಿನ ಪರೀಕ್ಷೆ: 9ರಿಂದ 15ರವರೆಗಿನ ಪಟ್ಟೆ ಚೆಂಡೊಂದನ್ನು ಬಿಳಿ ಚೆಂಡಿನ ಜಾಗದಲ್ಲಿಟ್ಟು, ಪಟ್ಟೆ ಹೊಡೆತದ ದಿಕ್ಕಿನಲ್ಲಿ ನೆಟ್ಟಗೆ ನಿಲ್ಲುವಂತೆ ಜೋಡಿಸಿ ಹೊಡೆಯುವುದು. ಪಟ್ಟೆ ಓಲಾಡದೆ ಚಕ್ರದಂತೆ ಉರುಳಿದರೆ ಹೊಡೆತ ನೇರವಾಗಿದೆ. ಚೆಂಡಿನ ಮೇಲೆ ಉಳಿದ ಚಾಕ್ ಗುರುತಿನಿಂದ ಟಿಪ್ ತಾಗಿದ ಜಾಗವೂ ಗೊತ್ತಾಗುತ್ತದೆ.

## ಸಾಮಾನ್ಯ ತಪ್ಪುಗಳು

* ತಲೆ ಎತ್ತುವುದು: ಚೆಂಡು ಬಿತ್ತೇ ಎಂದು ನೋಡುವ ಆತುರದಲ್ಲಿ ಭುಜವೂ ಮೇಲೇಳುತ್ತದೆ, ಕ್ಯೂ ರೇಖೆ ಬಿಡುತ್ತದೆ.
* ಮೊಣಕೈ ಹೊರಚಾಚುವುದು: ಕ್ಯೂ ಕಮಾನಿನಂತೆ ಚಲಿಸಿ, ಚೆಂಡಿಗೆ ಬೇಡದ ಬದಿ ತಿರುಗುವಿಕೆ ಸೇರುತ್ತದೆ.
* ಕ್ಯೂವಿನ ಹಿಂಭಾಗ ಎತ್ತುವುದು: ಮೇಲಿನಿಂದ ಕೆಳಕ್ಕೆ ಹೊಡೆದಾಗ, ಸ್ವಲ್ಪ ಬದಿಗೆ ತಾಗಿದರೂ ಚೆಂಡು ಬಾಗಿದ ಹಾದಿಯಲ್ಲಿ ಸಾಗುತ್ತದೆ.
* ಆತುರದ ಹಿಂದೆಳೆತ: ಕೈ ದಿಕ್ಕು ಬದಲಿಸುವಲ್ಲಿ ಜರ್ಕ್ ಉಂಟಾಗಿ ವೇಗದ ಹತೋಟಿ ತಪ್ಪುತ್ತದೆ.
* ಬಲದ ಪ್ರದರ್ಶನ: ಜೋರಾಗಿ ಹೊಡೆದ ಚೆಂಡು ಪಾಕೆಟ್‌ನ ಅಂಚಿಗೆ ತಾಗಿದರೆ ಹೊರಗೆ ಚಿಮ್ಮುತ್ತದೆ, ಅದೇ ಚೆಂಡು ಮೆಲ್ಲಗೆ ಬಂದರೆ ಒಳಕ್ಕೆ ಬೀಳುವ ಸಾಧ್ಯತೆ ಹೆಚ್ಚು.

## ಅಭ್ಯಾಸ ಕ್ರಮ

ಆರಂಭದಲ್ಲಿ ಗುರಿ ಚೆಂಡನ್ನು ಬಿಟ್ಟು ಬಿಳಿ ಚೆಂಡೊಂದನ್ನೇ ಹೊಡೆದು ಅಭ್ಯಾಸ ಮಾಡುವುದು ಸೂಕ್ತ. ಪಾಕೆಟ್ ಕಣ್ಣೆದುರಿದ್ದರೆ ಚೆಂಡು ಬೀಳಿಸುವ ಆಸೆಯಲ್ಲಿ ಕೈ ತನ್ನ ತಪ್ಪನ್ನು ಇನ್ನೊಂದು ತಪ್ಪಿನಿಂದ ಸರಿದೂಗಿಸಲು ಕಲಿಯುತ್ತದೆ. ಓರೆಯಾಗಿ ಗುರಿ ಹಿಡಿದು ಓರೆಯಾಗಿ ಹೊಡೆದರೂ ಕೆಲವೊಮ್ಮೆ ಚೆಂಡು ಬೀಳುತ್ತದೆ. ಇಂತಹ ಹೊಂದಾಣಿಕೆ ಹತ್ತಿರದ ಹೊಡೆತಗಳಲ್ಲಿ ನಡೆದರೂ ದೂರದ ಹೊಡೆತಗಳಲ್ಲಿ ಮತ್ತು ಒತ್ತಡದ ಸಮಯದಲ್ಲಿ ಕೈಕೊಡುತ್ತದೆ.

ಎರಡನೆಯ ಹಂತದಲ್ಲಿ ಹತ್ತಿರದ ನೇರ ಹೊಡೆತಗಳು, ನಂತರ ದೂರದ ನೇರ ಹೊಡೆತಗಳು, ಕೊನೆಗೆ ಓರೆ ಹೊಡೆತಗಳು ಬರುತ್ತವೆ. ಒಂದು ಸಲಕ್ಕೆ ಒಂದೇ ಅಂಶದ ಮೇಲೆ, ಉದಾಹರಣೆಗೆ ಹಿಡಿತದ ಮೇಲೆ ಮಾತ್ರ, ಗಮನವಿಡಬೇಕು. ಹತ್ತು ಹೊಡೆತಗಳಲ್ಲಿ ಎಷ್ಟು ಸರಿಯಾದವು ಎಂಬುದನ್ನು ದಿನಾಂಕದೊಂದಿಗೆ ಬರೆದಿಟ್ಟರೆ ಪ್ರಗತಿ ಕಾಣುತ್ತದೆ. ಮೊಬೈಲ್ ಫೋನನ್ನು ಗುರಿಯ ರೇಖೆಯ ಹಿಂದೆ ಇಟ್ಟು ಚಿತ್ರೀಕರಿಸಿದರೆ ಮೊಣಕೈಯ ಚಲನೆಯನ್ನು ಆಟಗಾರನೇ ನೋಡಿಕೊಳ್ಳಬಹುದು.

ಒಂದೇ ಹೊಡೆತವನ್ನು ಸತತವಾಗಿ ಮಾಡುವುದರಿಂದ ಆ ದಿನ ಸುಧಾರಣೆ ಕಂಡರೂ ಅದು ಉಳಿಯುವುದು ಕಷ್ಟ. ಜಾನ್ ಶಿಯಾ ಮತ್ತು ರಾಬಿನ್ ಮಾರ್ಗನ್ 1979ರಲ್ಲಿ ಪ್ರಕಟಿಸಿದ ಕೈ ಚಲನೆಗಳ ಪ್ರಯೋಗದಲ್ಲಿ, ಬೇರೆ ಬೇರೆ ಚಲನೆಗಳನ್ನು ಬೆರೆಸಿ ಕಲಿತವರು ಕಲಿಯುವಾಗ ನಿಧಾನವಾಗಿದ್ದರೂ ನಂತರದ ಪರೀಕ್ಷೆಯಲ್ಲಿ ಹೆಚ್ಚು ನೆನಪಿಟ್ಟುಕೊಂಡಿದ್ದರು. ಆದ್ದರಿಂದ ಚಲನೆ ಒಮ್ಮೆ ಹಿಡಿತಕ್ಕೆ ಬಂದ ಮೇಲೆ ದೂರ, ವೇಗ ಮತ್ತು ಕೋನಗಳನ್ನು ಬದಲಿಸುತ್ತ ಅಭ್ಯಾಸ ಮಾಡುವುದು ಹೆಚ್ಚು ಫಲ ಕೊಡುತ್ತದೆ.

### ಮೇಜಿಲ್ಲದೆ ಅಭ್ಯಾಸ

ಪೂಲ್ ಮೇಜು ದುಬಾರಿಯಾದುದು, ಸಾಕಷ್ಟು ಜಾಗವನ್ನೂ ಬೇಡುವಂಥದು. ಮನೆಯ ಹತ್ತಿರ ಮೇಜಿನ ಸೌಲಭ್ಯವಿಲ್ಲದವರೂ ತೋಳಿನ ಚಲನೆಯನ್ನು ಮನೆಯಲ್ಲಿ ರೂಢಿಸಿಕೊಳ್ಳಬಹುದು. ಊಟದ ಮೇಜಿನ ಮೇಲೆ ಖಾಲಿ ಬಾಟಲಿಯೊಂದನ್ನು ಮಲಗಿಸಿ, ಅದರ ಬಾಯಿಯ ಅಂಚಿಗೆ ತಾಗದಂತೆ ಕ್ಯೂವನ್ನು ಒಳಗೆ ಹೊರಗೆ ಆಡಿಸುವುದು ಪ್ರಚಲಿತವಾದ ವಿಧಾನ. ಮೇಜಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಅದರ ನೇರಕ್ಕೆ ಕ್ಯೂ ಆಡಿಸುವುದು, ಕನ್ನಡಿಯ ಎದುರು ನಿಂತು ಮೊಣಕೈಯನ್ನು ಗಮನಿಸುವುದು ಇತರ ವಿಧಾನಗಳು.

ಕರ್ನಾಟಕದ ಊರು ಊರುಗಳಲ್ಲಿ ಪರಿಚಿತವಾದ ಕೇರಂ ಆಟವೂ ಸ್ವಲ್ಪ ಮಟ್ಟಿಗೆ ಸಹಾಯಕ. ಕಾಯಿಯನ್ನು ಎಲ್ಲಿ ತಾಗಿಸಿದರೆ ಅದು ಯಾವ ಕಡೆ ಹೋಗುತ್ತದೆ, ಅಂಚಿಗೆ ಬಡಿದು ಹೇಗೆ ಮರಳುತ್ತದೆ ಎಂಬ ಅಂದಾಜು ಎರಡೂ ಆಟಗಳಲ್ಲಿ ಬೇಕು. ಆದರೆ ಕೇರಂನಲ್ಲಿ ಬೆರಳು ಸ್ಟ್ರೈಕರನ್ನು ಚಿಮ್ಮಿಸುತ್ತದೆ. ಪೂಲ್‌ನಲ್ಲಿ ತೋಳು ಉದ್ದನೆಯ ಕೋಲನ್ನು ತೂಗುತ್ತದೆ. ಹಾಗಾಗಿ ಹೊಡೆತದ ಚಲನೆಯನ್ನು ಪ್ರತ್ಯೇಕವಾಗಿಯೇ ಕಲಿಯಬೇಕಾಗುತ್ತದೆ.

## ಶೈಲಿಯ ವೈವಿಧ್ಯ

ಸ್ನೂಕರ್ ಆಟಗಾರರು ಸಾಮಾನ್ಯವಾಗಿ ಮೇಜಿಗೆ ಹೆಚ್ಚು ಎದುರಾಗಿ ನಿಂತು, ಕ್ಯೂವನ್ನು ಗದ್ದ ಮತ್ತು ಎದೆಗೆ ತಾಗಿಸಿ ಆಡುತ್ತಾರೆ. ಪೂಲ್ ಆಟಗಾರರ ನಿಲುವು ಸ್ವಲ್ಪ ಓರೆಯಾಗಿರುವುದು ಹೆಚ್ಚು. ಪಠ್ಯದ ಮಾದರಿಗೆ ಹೊಂದದ ಹೊಡೆತವಿದ್ದವರೂ ಉನ್ನತ ಮಟ್ಟ ತಲುಪಿದ್ದಾರೆ. 2010ರ ವಿಶ್ವ ನೈನ್ ಬಾಲ್ ಚಾಂಪಿಯನ್, ಫಿಲಿಪ್ಪೀನ್ಸ್‌ನ ಫ್ರಾನ್ಸಿಸ್ಕೊ ಬುಸ್ತಮಾಂತೆ ತೂಗುವಾಗ ಟಿಪ್ಪನ್ನು ತೀರ ಕೆಳಕ್ಕೆ ಇಳಿಸುತ್ತಾರೆ. ಅಮೆರಿಕದ ಕೀತ್ ಮೆಕ್ರೆಡಿ ತೋಳನ್ನು ಬದಿಗೆ ಚಾಚಿ ಹೊಡೆಯುವುದಕ್ಕೆ ಹೆಸರಾದವರು. ತಾಗುವ ಕ್ಷಣದಲ್ಲಿ ಕ್ಯೂ ಪ್ರತಿ ಸಲವೂ ಒಂದೇ ಸ್ಥಿತಿಗೆ ಮರಳಿದರೆ ಅದಕ್ಕೆ ಮುಂಚಿನ ಚಲನೆ ಹೇಗಿದ್ದರೂ ಫಲ ಸಿಗುತ್ತದೆ ಎಂಬುದು ಇವರಿಂದ ತಿಳಿಯುತ್ತದೆ. ಆದರೆ ಹೆಚ್ಚು ಚಲನೆಗಳಿರುವ ಹೊಡೆತವನ್ನು ಅಷ್ಟು ನಿಖರವಾಗಿ ಪುನರಾವರ್ತಿಸಲು ಬಹುಕಾಲದ ಆಟ ಬೇಕು. ಹೊಸಬರಿಗೆ ಸರಳ ಚಲನೆಯನ್ನೇ ಕಲಿಸುವುದು ಇದೇ ಕಾರಣದಿಂದ.

## ಕರ್ನಾಟಕದಲ್ಲಿ ಕ್ಯೂ ಕ್ರೀಡೆಗಳು

ಸ್ನೂಕರ್ ಭಾರತದಲ್ಲಿಯೇ ಹುಟ್ಟಿದ ಆಟ. 1875ರಲ್ಲಿ ಜಬಲ್ಪುರದಲ್ಲಿ ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲೇನ್ ಇದನ್ನು ರೂಪಿಸಿದರೆಂದು ಪರಿಗಣಿಸಲಾಗಿದೆ. ಕರ್ನಾಟಕದ ಗಡಿಗೆ ಸಮೀಪದ ಊಟಿಯ ಕ್ಲಬ್ಬಿನಲ್ಲಿ 1880ರ ದಶಕದಲ್ಲಿ ಅದರ ನಿಯಮಗಳು ಒಂದು ರೂಪಕ್ಕೆ ಬಂದವು.

ಕರ್ನಾಟಕದಲ್ಲಿ ಈ ಕ್ರೀಡೆಗಳ ಪ್ರಮುಖ ಕೇಂದ್ರ ಬೆಂಗಳೂರು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇಲ್ಲಿದೆ. 1985ರಲ್ಲಿ ಪುಣೆಯಲ್ಲಿ ಜನಿಸಿ ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಮಾಜಿ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಅರವಿಂದ್ ಸವೂರ್ ಅವರಲ್ಲಿ ತರಬೇತಿ ಪಡೆದರು. 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿಯನ್ನೂ 2005ರಲ್ಲಿ ಮಾಲ್ಟಾದಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಅಂಕ ಮತ್ತು ಸಮಯ ಎಂಬ ಎರಡೂ ಮಾದರಿಗಳ ಪ್ರಶಸ್ತಿಗಳನ್ನೂ ಗೆದ್ದರು. 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಬಿಲಿಯರ್ಡ್ಸ್ ಚಿನ್ನ ಪಡೆದ ಅವರು ಒಟ್ಟು 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಗಳಿಸಿದ್ದಾರೆ. 2018ರಲ್ಲಿ ಅವರಿಗೆ ಪದ್ಮಭೂಷಣ ಗೌರವ ಸಂದಿತು.

ಬಿಲಿಯರ್ಡ್ಸ್‌ನಲ್ಲಿ ಮೂರೇ ಚೆಂಡುಗಳಿದ್ದು, ಎರಡೆರಡು ಅಥವಾ ಮೂರು ಮೂರು ಅಂಕಗಳನ್ನು ಸೇರಿಸುತ್ತ ನೂರಾರು ಅಂಕಗಳ ಬ್ರೇಕ್ ಕಟ್ಟಬೇಕು. ಇದಕ್ಕೆ ಮೆದುವಾದ, ಅಳತೆಯಾದ ಹೊಡೆತಗಳನ್ನು ದೀರ್ಘಕಾಲ ಪುನರಾವರ್ತಿಸುವ ಶಕ್ತಿ ಬೇಕು. ಸ್ನೂಕರ್ ದೂರದ, ನಿಖರವಾದ ಪಾಟ್‌ಗಳನ್ನು ಬೇಡುತ್ತದೆ. ಒಂದೇ ತೋಳು ಈ ಎರಡಕ್ಕೂ ಒಗ್ಗಿಕೊಳ್ಳುವುದು ಅಪರೂಪ.

ಮಹಿಳೆಯರ ವಿಭಾಗದಲ್ಲಿ ಬೆಂಗಳೂರಿನ ಚಿತ್ರಾ ಮಗಿಮೈರಾಜ್ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದಿದ್ದಾರೆ. ಬೆಂಗಳೂರಿನಲ್ಲಿ ನೆಲೆಸಿರುವ ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಮಹಿಳಾ ಸ್ನೂಕರ್ ಫೈನಲ್ ತಲುಪಿ, ಹಾಂಗ್‌ಕಾಂಗಿನ ಆಂಗ್ ಆನ್ ಯೀ ಎದುರು 5–6 ಫ್ರೇಮ್‌ಗಳಿಂದ ಸೋತು ಎರಡನೆಯ ಸ್ಥಾನ ಪಡೆದರು.